ಕಡ್ಡಿಗೆ ಬೇರು ಬರುವ ತನಕ

ಮನಿ ಪ್ಲಾಂಟನ್ನು ಕೇಳಿ ತರಬಾರದು, ಯಾರ ಕಣ್ಣಿಗೂ ಬೀಳದಂತೆ ಒಂದು ತುಂಡು ಮುರಿದುಕೊಂಡು ಬರಬೇಕು, ಆಗಲೇ ಅದು ಚೆನ್ನಾಗಿ ಹಬ್ಬುತ್ತದೆ ಎಂಬ ಮಾತೊಂದು ಊರೂರಲ್ಲೂ ಇದೆ. ಕದ್ದು ತಂದ ಬಳ್ಳಿ ಹಬ್ಬುವುದು ನಿಜ. ಆದರೆ ಕೇಳಿ ತಂದದ್ದೂ ಅಷ್ಟೇ ಸೊಗಸಾಗಿ ಹಬ್ಬುತ್ತದೆ. ಗುಟ್ಟಿರುವುದು ತಂದ ಬಗೆಯಲ್ಲಲ್ಲ, ಬಳ್ಳಿಯ ಗೆಣ್ಣಿನಲ್ಲಿ. ಮನಿ ಪ್ಲಾಂಟಿನ ಒಂದು ಎಲೆಯನ್ನು ಪಕ್ಕಕ್ಕೆ ಸರಿಸಿ, ತೊಟ್ಟು ಕಾಂಡಕ್ಕೆ ಅಂಟಿಕೊಂಡ ಜಾಗವನ್ನು ನೋಡಿದರೆ ಕಂದು ಬಣ್ಣದ ಒಂದು ಗುಬುಟು ಕಾಣುತ್ತದೆ. ಬೆರಳಿಗೆ ಗಟ್ಟಿಯಾಗಿ ತಗಲುವ, ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದಾದ ಆ ಗುಬುಟೇ ಬೇರು. ಮರಕ್ಕೆ ಅಂಟಿಕೊಂಡು ಹತ್ತಲೆಂದು ಬಳ್ಳಿ ಅದನ್ನು ಮೊದಲೇ ಸಿದ್ಧಮಾಡಿ ಇಟ್ಟುಕೊಂಡಿರುತ್ತದೆ. ನೀರು ಸೋಕಿದ ಕೆಲವೇ ದಿನಗಳಲ್ಲಿ ಅದು ಬಿಳಿಯ ಎಳೆಯಾಗಿ ಕೆಳಗಿಳಿಯುತ್ತದೆ.

ಈ ಬಳ್ಳಿಯ ಮೂಲ ಪೆಸಿಫಿಕ್ ಸಾಗರದ ಸೊಸೈಟಿ ದ್ವೀಪಗಳಲ್ಲೊಂದಾದ ಮೂರೆಯಾ. ಅಲ್ಲಿಂದ ಹೊರಟು ಜಗತ್ತಿನ ಬಿಸಿ ನಾಡುಗಳನ್ನೆಲ್ಲ ತುಂಬಿರುವ ಈ ಗಿಡ ಹೂ ಬಿಡುವುದನ್ನು ಕಂಡವರು ತೀರ ವಿರಳ. ಅದು ತಾನಾಗಿ ಹೂ ಬಿಟ್ಟ ಕೊನೆಯ ದಾಖಲೆ 1964ರದು. ಗಿಬ್ಬರೆಲಿನ್ ಎಂಬ ಹಾರ್ಮೋನನ್ನು ತಯಾರಿಸಲು ಬೇಕಾದ ಒಂದು ಜೀನ್ ಈ ಗಿಡದಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ ಎಂದು 2016ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿಕೊಟ್ಟಿತು. ಆ ಹಾರ್ಮೋನನ್ನು ಹೊರಗಿನಿಂದ ಸಿಂಪಡಿಸಿದಾಗ ಹೂವೂ ಬಂತು. ಹೂವಿಲ್ಲದ ಮೇಲೆ ಬೀಜವೆಲ್ಲಿಯದು? ಕಿಟಕಿಯ ಸೀಸೆಯಲ್ಲಿರುವುದೇ ಇರಲಿ, ಬಸ್ ನಿಲ್ದಾಣದ ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕದ್ದೇ ಇರಲಿ, ಪ್ರತಿಯೊಂದು ಮನಿ ಪ್ಲಾಂಟೂ ಯಾವುದೋ ಕೈ ಕತ್ತರಿಸಿ ನೆಟ್ಟ ತುಂಡು. ಅದರ ಹಿಂದಿನದೂ ಒಂದು ತುಂಡೇ.

ಮನಿ ಪ್ಲಾಂಟ್ ಸುಲಭದ ಗಿಡ. ಉಳಿದವು ಅಷ್ಟು ಸಲೀಸಾಗಿ ಬಗ್ಗುವುದಿಲ್ಲ. ದಾಸವಾಳದ ಕಡ್ಡಿ ಚುಚ್ಚಿದ್ದು ಒಣಗಿತು, ಜೆರೇನಿಯಂ ಬುಡ ಕಪ್ಪಾಯಿತು, ರಬ್ಬರ್ ಗಿಡದ ಎಲೆ ತಿಂಗಳುಗಟ್ಟಲೆ ಹಸಿರಾಗಿಯೇ ಇತ್ತು ಆದರೆ ಚಿಗುರಲೇ ಇಲ್ಲ: ಗಿಡ ಬೆಳೆಸುವವರ ಮನೆಗಳಲ್ಲಿ ಇಂಥ ದೂರುಗಳು ದಿನವೂ ಕೇಳಿಬರುತ್ತವೆ. ಕೈಗುಣ ಇಲ್ಲ ಎಂದು ಕೈಬಿಡುವವರೇ ಹೆಚ್ಚು. ಆದರೆ ಇದು ಕೈಗುಣದ ಮಾತಲ್ಲ, ಹೊತ್ತಿನ ಮಾತು.

ತಾಯಿಗಿಡದಿಂದ ಬೇರ್ಪಟ್ಟ ಕ್ಷಣದಿಂದ ಕಡ್ಡಿ ದುಡಿಮೆ ನಿಂತು ಖರ್ಚು ಮಾತ್ರ ಉಳಿದ ಸಂಸಾರದಂತಾಗುತ್ತದೆ. ಎಲೆಗಳ ಸೂಕ್ಷ್ಮ ರಂಧ್ರಗಳಿಂದ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ. ಕೆಳಗಿನಿಂದ ನೀರು ಎಳೆದು ಕೊಡಲು ಬೇರಿಲ್ಲ, ಕತ್ತರಿಸಿದ ಬಾಯಿ ಹೀರುವುದು ಅಲ್ಪಸ್ವಲ್ಪ. ಹಾಗೆಂದು ಎಲೆಗಳನ್ನೆಲ್ಲ ಕಿತ್ತೆಸೆಯುವಂತೆಯೂ ಇಲ್ಲ. ಬೇರು ಕಟ್ಟಲು ಬೇಕಾದ ಸಕ್ಕರೆ ತಯಾರಾಗುವುದು ಎಲೆಯಲ್ಲಿ. ಬೇರು ಮೂಡು ಎಂದು ಬುಡಕ್ಕೆ ಹೇಳಿಕಳಿಸುವ ಆಕ್ಸಿನ್ ಎಂಬ ರಾಸಾಯನಿಕ ಹುಟ್ಟುವುದು ಕುಡಿಯಲ್ಲಿ ಮತ್ತು ಎಳೆಯ ಎಲೆಗಳಲ್ಲಿ. ಬುಡದ ಜೀವಕೋಶಗಳು ತಮ್ಮ ಹಳೆಯ ಕೆಲಸ ಬಿಟ್ಟು, ಮತ್ತೆ ವಿಭಜನೆಗೊಂಡು, ಬೇರಿನ ಮೊಳಕೆಯಾಗಿ ರೂಪುಗೊಂಡು, ತೊಗಟೆಯನ್ನು ಸೀಳಿಕೊಂಡು ಹೊರಬರಬೇಕು. ಮನಿ ಪ್ಲಾಂಟ್, ಕೋಲಿಯಸ್ ಗಿಡಗಳಿಗೆ ಇದು ಒಂದೆರಡು ವಾರದ ಕೆಲಸ. ದಾಸವಾಳಕ್ಕೆ ತಿಂಗಳಾದರೂ ಬೇಕು. ಅಲ್ಲಿಯವರೆಗೆ ಕಡ್ಡಿ ಬಾಡಬಾರದು, ಕೊಳೆಯಬಾರದು. ನೆಟ್ಟವರ ಕೆಲಸ ಇಷ್ಟೇ: ಆ ಹೊತ್ತನ್ನು ಕಡ್ಡಿಗೆ ಒದಗಿಸಿಕೊಡುವುದು. ತೋಟಗಾರರ ಒಂದೊಂದು ಉಪಾಯವೂ ಇದೇ ಉದ್ದೇಶದ್ದು.

ಬೆಳಗಿನ ಹೊತ್ತು ಕತ್ತರಿಸಿ ಎನ್ನುತ್ತಾರೆ. ರಾತ್ರಿಯೆಲ್ಲ ನೀರು ಕುಡಿದ ಕಾಂಡ ಆಗ ತುಂಬಿಕೊಂಡಿರುತ್ತದೆ. ಹೂ ಬಿಟ್ಟ ರೆಂಬೆ ಬೇಡ ಎನ್ನುತ್ತಾರೆ. ಅದರ ಶಕ್ತಿಯೆಲ್ಲ ಹೂವಿನ ಕಡೆಗೆ ಹರಿದುಹೋಗಿರುತ್ತದೆ. ಗೇಣುದ್ದಕ್ಕಿಂತ ತುಸು ಕಡಿಮೆ, ಅಂದರೆ 10ರಿಂದ 15 ಸೆಂಟಿಮೀಟರ್ ಉದ್ದದ, ಎರಡು ಮೂರು ಗೆಣ್ಣುಗಳಿರುವ ತುಂಡು ಸಾಕು. ಹರಿತವಾದ, ಶುದ್ಧವಾದ ಬ್ಲೇಡಿನಿಂದ ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಬೇಕು. ಕೈಯಿಂದ ತಿರುಚಿ ಮುರಿದರೆ ಜಜ್ಜಿದ ಜಾಗದಲ್ಲಿ ಕೊಳೆ ಶುರುವಾಗುತ್ತದೆ. ಕೆಳಗಿನ ಎಲೆಗಳನ್ನು ತೆಗೆದು ಮೇಲಿನ ಎರಡು ಮೂರನ್ನು ಮಾತ್ರ ಉಳಿಸಬೇಕು. ಅವೂ ಅಂಗೈಯಗಲ ಇದ್ದರೆ ಅರ್ಧಕ್ಕೆ ಕತ್ತರಿಸಬೇಕು. ಚೆಂದದ ಎಲೆಗೆ ಕತ್ತರಿ ಹಾಕಲು ಮನಸ್ಸು ಒಪ್ಪುವುದಿಲ್ಲ, ಆದರೆ ಅರ್ಧ ಎಲೆಯಿಂದ ಆವಿಯಾಗುವ ನೀರೂ ಅರ್ಧವೇ.

ಗೆಣ್ಣು ಇರಲೇಬೇಕೆಂದು ಹೇಳುವುದಕ್ಕೆ ಬಲವಾದ ಕಾರಣವಿದೆ. ಎಲೆಯ ಕಂಕುಳಲ್ಲಿರುವ ಮೊಗ್ಗು, ಅಂದರೆ ಮುಂದಿನ ಚಿಗುರು, ಇರುವುದು ಅಲ್ಲಿ. ಅಂಗಡಿಗಳಲ್ಲಿ ಪುಟ್ಟ ಕುಂಡದಲ್ಲಿ ಹೃದಯದ ಆಕಾರದ ಒಂದೇ ಒಂದು ದಪ್ಪ ಎಲೆಯನ್ನು ನೆಟ್ಟು ಮಾರುತ್ತಾರೆ. ಅದು ಹೋಯಾ ಜಾತಿಯ ಬಳ್ಳಿಯ ಎಲೆ. ಬೇರು ಬಂದಿರುತ್ತದೆ, ವರ್ಷಗಟ್ಟಲೆ ಹಸಿರಾಗಿಯೂ ಇರುತ್ತದೆ. ಆದರೆ ಕಾಂಡದ ಚೂರು ಜೊತೆಗಿಲ್ಲದ ಎಲೆಯಾದರೆ ಅದು ಬಳ್ಳಿಯಾಗುವ ಆಸೆ ಇಟ್ಟುಕೊಳ್ಳುವಂತಿಲ್ಲ. ರಬ್ಬರ್ ಗಿಡದ ಬಿಡಿ ಎಲೆಯ ಕಥೆಯೂ ಇದೇ. ಕಾಸು ಕೊಡುವ ಮುನ್ನ ಎಲೆಯ ಬುಡದಲ್ಲಿ ಕಾಂಡದ ತುಣುಕು ಇದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಕಡ್ಡಿಗೆ ತಲೆ ಯಾವುದು, ಬುಡ ಯಾವುದು ಎಂಬುದು ಗೊತ್ತಿರುತ್ತದೆ. ಜರ್ಮನಿಯ ಸಸ್ಯಶಾಸ್ತ್ರಜ್ಞ ಹರ್ಮನ್ ವೋಖ್ಟಿಂಗ್ 1878ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ವಿಲೋ ಮರದ ಕಡ್ಡಿಗಳ ಪ್ರಯೋಗವನ್ನು ವಿವರಿಸಿದ್ದಾರೆ. ತೇವದ ಗಾಳಿಯಲ್ಲಿ ಅವನ್ನು ತಲೆಕೆಳಗಾಗಿ ತೂಗುಹಾಕಿದರೂ ಬೇರು ಬಂದದ್ದು ಮರದಲ್ಲಿದ್ದಾಗ ಬುಡವಾಗಿದ್ದ ತುದಿಯಲ್ಲೇ. ನರ್ಸರಿಯವರು ಕಡ್ಡಿಯ ಕೆಳತುದಿಯನ್ನು ಓರೆಯಾಗಿ, ಮೇಲ್ತುದಿಯನ್ನು ನೇರವಾಗಿ ಕತ್ತರಿಸುವುದು ಇದಕ್ಕೇ. ನೂರಾರು ಕಡ್ಡಿಗಳ ಕಟ್ಟು ಕೈಗೆ ಬಂದಾಗ ಯಾವುದೂ ಅಡಿಮೇಲಾಗಬಾರದು.

ವೋಖ್ಟಿಂಗ್ ಅವರ ಹೊತ್ತಿಗೆ ಗಿಡದೊಳಗೆ ಏನು ಹರಿಯುತ್ತದೆ ಎಂಬುದು ಮಾತ್ರ ತಿಳಿದಿರಲಿಲ್ಲ. ಹಾಲೆಂಡಿನ ಉಟ್ರೆಕ್ಟಿನಲ್ಲಿ ಫ್ರಿಟ್ಸ್ ವೆಂಟ್ ಎಂಬ ಯುವಕ 1926ರಲ್ಲಿ ಓಟ್ಸ್ ಮೊಳಕೆಯ ತುದಿಗಳನ್ನು ಕತ್ತರಿಸಿ ಅಗರ್ ತುಂಡಿನ ಮೇಲಿಟ್ಟರು. ತುದಿಯಿಂದ ಅಗರಿಗೆ ಇಳಿದ ವಸ್ತುವೇ ಮೊಳಕೆಯನ್ನು ಬೆಳೆಸಬಲ್ಲದು ಎಂದು ತೋರಿಸಿದರು. ಅದೇ ಆಕ್ಸಿನ್. 1934ರಲ್ಲಿ ಇಂಡೋಲ್ ಅಸಿಟಿಕ್ ಆಮ್ಲ ಎಂಬ ಆಕ್ಸಿನ್ ಪ್ರತ್ಯೇಕಗೊಂಡದ್ದು ಗಿಡದಿಂದಲ್ಲ, ಮನುಷ್ಯರ ಮೂತ್ರದಿಂದ. ಮರುವರ್ಷವೇ, 1935ರಲ್ಲಿ, ಅಮೆರಿಕದ ಬಾಯ್ಸ್ ಥಾಂಪ್ಸನ್ ಸಂಸ್ಥೆಯ ಝಿಮ್ಮರ್‌ಮನ್ ಮತ್ತು ವಿಲ್ಕಾಕ್ಸನ್ ಅದರ ನೆಂಟನಾದ ಇಂಡೋಲ್ ಬ್ಯುಟೈರಿಕ್ ಆಮ್ಲ ಬೇರು ಬರಿಸುವುದರಲ್ಲಿ ಚುರುಕು ಎಂದು ಕಂಡುಕೊಂಡರು. ಬೆಳಕಿಗೆ ಬೇಗ ಕೆಡದ ಈ ಆಮ್ಲವೇ ಇಂದು ಗೊಬ್ಬರದ ಅಂಗಡಿಗಳಲ್ಲಿ ಸಿಗುವ ಬೇರಿನ ಪುಡಿಯ ಸತ್ವ.

ಮೆತ್ತನೆಯ ಕಾಂಡಕ್ಕೆ ಅದರ ಸತ್ವ ಶೇಕಡ 0.1ರಷ್ಟಿದ್ದರೆ ಸಾಕು, ಬಲಿತ ಕಡ್ಡಿಗೆ ಶೇಕಡ 0.8ರವರೆಗೂ ಬಳಸುವುದುಂಟು. ಬುಡವನ್ನು ಪುಡಿಯಲ್ಲಿ ಅದ್ದಿ, ತಟ್ಟಿ, ಅಂಟಿಕೊಂಡಷ್ಟನ್ನು ಮಾತ್ರ ಉಳಿಸಬೇಕು. ಹೆಚ್ಚಾದರೆ ಬುಡವೇ ಸುಟ್ಟಂತಾಗುತ್ತದೆ. ಮನಿ ಪ್ಲಾಂಟ್, ದೊಡ್ಡಪತ್ರೆ, ಕೋಲಿಯಸ್, ತುಳಸಿಗಳಿಗೆ ಈ ಪುಡಿಗೆ ದುಡ್ಡು ಹಾಕುವುದೇ ದಂಡ. ದಾಸವಾಳ, ಕಾಗದದ ಹೂ, ಗುಲಾಬಿಗೆ ಬೆಲೆ ಬಾಳುತ್ತದೆ. ಜೇನುತುಪ್ಪ ಸವರಿ, ಎಳನೀರಿನಲ್ಲಿ ನೆನೆಸಿ ಎಂಬ ಸಲಹೆಗಳೂ ಓಡಾಡುತ್ತಿವೆ. ಎಳನೀರಿನಲ್ಲಿ ಸಸ್ಯಗಳ ಬೆಳವಣಿಗೆಗೆ ಬೇಕಾದ ವಸ್ತುಗಳಿರುವುದು ನಿಜ, 1941ರಿಂದಲೇ ಪ್ರಯೋಗಶಾಲೆಗಳಲ್ಲಿ ಅಂಗಾಂಶ ಬೆಳೆಸಲು ಅದನ್ನು ಬಳಸಿದ್ದಾರೆ. ಆದರೆ ಅಲ್ಲಿ ಎಲ್ಲವೂ ಕ್ರಿಮಿಶುದ್ಧ. ಅಡುಗೆಮನೆಯ ಕಿಟಕಿಯಲ್ಲಿ ಅದರ ಸಕ್ಕರೆಗೆ ಮೊದಲು ಮುತ್ತುವುದು ಬೂಷ್ಟು.

ನೀರಿನಲ್ಲಿ ಇಡಬೇಕೋ, ಮಣ್ಣಿಗೆ ಚುಚ್ಚಬೇಕೋ ಎಂಬುದು ಎಲ್ಲರ ಪ್ರಶ್ನೆ. ನೀರಿನಲ್ಲಿಡುವುದರ ದೊಡ್ಡ ಸುಖವೆಂದರೆ ಬೇರು ಬರುವುದು ಕಣ್ಣಿಗೆ ಕಾಣುತ್ತದೆ. ಮಕ್ಕಳಿರುವ ಮನೆಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಆದರೆ ಬೇರಿಗೂ ಉಸಿರಾಡಲು ಆಮ್ಲಜನಕ ಬೇಕು. ನಿಂತ ನೀರಿನಲ್ಲಿ ಅದು ಬೇಗ ಖಾಲಿಯಾಗುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ನೀರು ಬದಲಿಸುವುದರ ಅರ್ಥ ಇದೇ. ಗೆಣ್ಣು ಮುಳುಗಿರಬೇಕು, ಎಲೆ ಮುಳುಗಬಾರದು. ಬಣ್ಣದ ಸೀಸೆಯಾದರೆ ಪಾಚಿ ಕಟ್ಟುವುದು ಕಡಿಮೆ. ನೀರಿನಲ್ಲಿ ಬಂದ ಬೇರು ನೀರಿಗೆ ಒಗ್ಗಿದ ಬೇರು: ಪೆಡಸು, ನವಿರು ರೋಮಗಳು ಕಡಿಮೆ. ಅಂಥ ಬೇರು ಬಹಳ ಉದ್ದವಾಗುವ ತನಕ ಕಾದು ಆಮೇಲೆ ಮಣ್ಣಿಗೆ ಇಳಿಸಿದರೆ ಗಿಡ ವಾರಗಟ್ಟಲೆ ಸೋತು ಬೀಳುತ್ತದೆ. ಎರಡು ಬೆರಳಗಲ, ಅಂದರೆ ಮೂರು ನಾಲ್ಕು ಸೆಂಟಿಮೀಟರ್ ಆಗುತ್ತಲೇ ಮಣ್ಣಿಗೆ ಹಾಕಿ, ಮೊದಲ ಒಂದು ವಾರ ಮಣ್ಣು ಒಣಗದಂತೆ ನೋಡಿಕೊಳ್ಳುವುದೇ ಸರಿಯಾದ ದಾರಿ.

ಮಣ್ಣು ಅಂದರೂ ಹೊಲದ ಕೆಂಪುಮಣ್ಣನ್ನೇ ತುಂಬಬಾರದು. ಕುಂಡದಲ್ಲಿ ನೀರು ಬಿದ್ದು ಬಿದ್ದು ಅದು ಗಟ್ಟಿಯಾಗುತ್ತದೆ, ಗಾಳಿ ಆಡುವುದಿಲ್ಲ. ತೆಂಗಿನ ನಾರಿನ ಪುಡಿ ಮತ್ತು ದಪ್ಪ ಮರಳು ಸಮಸಮ ಬೆರೆಸಿದರೆ ಬೇರು ಬರಿಸಲು ಹೇಳಿ ಮಾಡಿಸಿದಂತಿರುತ್ತದೆ. ತಿಪಟೂರು, ಅರಸೀಕೆರೆ ಕಡೆ ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಈ ಪುಡಿಯಲ್ಲಿ ಉಪ್ಪಿನಂಶ ಇರಬಹುದು. ಎರಡು ಮೂರು ನೀರಿನಲ್ಲಿ ನೆನೆಸಿ ಹಿಂಡಿಕೊಂಡರೆ ತೊಂದರೆಯಿಲ್ಲ. ಕಲ್ಲುಪುಡಿಯ ಮರಳಾದರೆ ಅದರ ನುಣ್ಣನೆಯ ದೂಳು ತೊಳೆದು ಹೋಗಬೇಕು. ಗೊಬ್ಬರ ಬೇಡವೇ ಬೇಡ. ಬೇರೇ ಇಲ್ಲದ ಕಡ್ಡಿ ಗೊಬ್ಬರವನ್ನು ಉಣ್ಣುವುದು ಹೇಗೆ? ಹಸಿ ಸಗಣಿ ಗೊಬ್ಬರ ಹಾಕಿದಲ್ಲಿ ಕಡ್ಡಿ ಚಿಗುರುವ ಮೊದಲೇ ಬುಡ ಕರಗುತ್ತದೆ. ಮತ್ತೆ, ಬೇರು ಬಂತೇ ಎಂದು ದಿನಕ್ಕೊಮ್ಮೆ ಎಳೆದು ನೋಡುವ ಚಪಲ. ಕೂದಲೆಳೆಯಂಥ ಎಳೆ ಬೇರು ಒಂದು ಎಳೆತಕ್ಕೇ ಹರಿದುಹೋಗುತ್ತದೆ. ಹೊಸ ಎಲೆ ಬಿಚ್ಚಿಕೊಂಡರೆ ಸಾಮಾನ್ಯವಾಗಿ ಬೇರು ಬಂದಿದೆ ಎಂದೇ ಲೆಕ್ಕ.

ನೆಟ್ಟ ಕಡ್ಡಿಯ ಮೇಲೆ ತಳ ಕತ್ತರಿಸಿದ ನೀರಿನ ಬಾಟಲಿಯನ್ನೋ ಪಾರದರ್ಶಕ ಚೀಲವನ್ನೋ ಕವುಚಿದರೆ ಒಳಗಿನ ಗಾಳಿ ತೇವದಿಂದ ತುಂಬಿ ಎಲೆಗಳಿಂದ ನೀರು ಹೋಗುವುದು ನಿಧಾನವಾಗುತ್ತದೆ. ದಿನಕ್ಕೊಮ್ಮೆ ತೆರೆದು ಗಾಳಿಯಾಡಿಸಬೇಕು, ನೇರ ಬಿಸಿಲಿಗೆ ಇಡಬಾರದು. ಇದರ ಹಿಂದೆ ದೊಡ್ಡ ಇತಿಹಾಸವಿದೆ. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಪತಂಗದ ಕೋಶವೊಂದನ್ನು ತೇವದ ಮಣ್ಣಿನ ಜೊತೆ ಗಾಜಿನ ಸೀಸೆಯಲ್ಲಿಟ್ಟು ಮುಚ್ಚಿದ್ದರು. ಪತಂಗಕ್ಕೆ ಕಾಯುತ್ತಿದ್ದವರಿಗೆ ಕಂಡದ್ದು ಆ ಮಣ್ಣಿನಲ್ಲಿ ಚಿಗುರಿದ ಒಂದು ಜರಿಗಿಡ. ಹೊರಗೆ, ನಗರದ ಹೊಗೆಯಲ್ಲಿ, ಜರಿಗಿಡಗಳು ಬದುಕುತ್ತಲೇ ಇರಲಿಲ್ಲ. ಅವರು ಮಾಡಿಸಿದ ಗಾಜಿನ ಪೆಟ್ಟಿಗೆಗಳಲ್ಲಿ 1833ರಲ್ಲಿ ಗಿಡಗಳು ಲಂಡನ್ನಿನಿಂದ ಹಡಗೇರಿ ಸಿಡ್ನಿಯನ್ನು ಜೀವಂತವಾಗಿ ತಲುಪಿದವು. ಚೀನಾದ ಚಹಾ ಗಿಡಗಳನ್ನು ರಾಬರ್ಟ್ ಫಾರ್ಚೂನ್ ಹಿಮಾಲಯದ ತಪ್ಪಲಿಗೆ ಸಾಗಿಸಿದ್ದೂ ಇಂಥ ಪೆಟ್ಟಿಗೆಗಳಲ್ಲೇ. ಕಡ್ಡಿಯ ಮೇಲೆ ಕವುಚಿದ ಬಾಟಲಿ ಅದೇ ವಿದ್ಯೆಯ ಸಣ್ಣ ರೂಪ.

ಪೆಟ್ಟಿಗೆಯಲ್ಲಿ ಬಂದ ಇನ್ನೊಂದು ಗಿಡದ ಕಥೆಯನ್ನೂ ಕೇಳಲೇಬೇಕು. ಈಗ ಬೆಂಗಳೂರಿನ ನರ್ಸರಿಗಳಲ್ಲೂ ಸಿಗುವ, ನಾಣ್ಯದಂತೆ ದುಂಡಗಿನ ಎಲೆಗಳ ಪೈಲಿಯಾ ಎಂಬ ಪುಟ್ಟ ಗಿಡ ಚೀನಾದ ಯುನ್ನಾನ್ ಪ್ರಾಂತದ್ದು. ಸ್ಕಾಟ್ಲೆಂಡಿನ ಜಾರ್ಜ್ ಫಾರೆಸ್ಟ್ 1906ರಲ್ಲಿ ಅದರ ಮಾದರಿಯನ್ನು ಸಂಗ್ರಹಿಸಿದ್ದರು. ಆಮೇಲೆ ಪಶ್ಚಿಮದ ಸಸ್ಯಶಾಸ್ತ್ರಜ್ಞರು ಅದನ್ನು ಮರೆತೇಬಿಟ್ಟರು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಆಗ್ನರ್ ಎಸ್ಪೆಗ್ರೆನ್ ಎಂಬ ನಾರ್ವೆಯ ಮಿಷನರಿ ಹುನಾನ್ ಬಿಟ್ಟು ಹೊರಡಬೇಕಾಗಿ ಬಂದು, ಯುನ್ನಾನಿನ ಕುನ್‌ಮಿಂಗ್‌ನಲ್ಲಿ ಈ ಗಿಡವನ್ನು ಪಡೆದುಕೊಂಡರು. ಸಣ್ಣ ಪೆಟ್ಟಿಗೆಯಲ್ಲಿಟ್ಟುಕೊಂಡು ಕುಟುಂಬದೊಡನೆ ಕಲ್ಕತ್ತೆಗೆ ಬಂದರು. ಸುಮಾರು ಒಂದು ವರ್ಷ ಆ ಗಿಡ ಅವರ ಜೊತೆ ಭಾರತದಲ್ಲೇ ಇತ್ತು. 1946ರಲ್ಲಿ ಅವರು ನಾರ್ವೆ ಸೇರಿದಾಗಲೂ ಅದು ಬದುಕಿತ್ತು.

ಪೈಲಿಯಾ ತನ್ನ ಬುಡದ ಸುತ್ತ ಮರಿಗಳನ್ನು ಎಬ್ಬಿಸುತ್ತದೆ. ಮರಿಯನ್ನು ಬ್ಲೇಡಿನಿಂದ ಬಿಡಿಸಿ ನೀರಿನಲ್ಲಿಟ್ಟರೆ ಬೇರು ಬರುತ್ತದೆ. ಎಸ್ಪೆಗ್ರೆನ್ ಹೋದ ಊರುಗಳಲ್ಲೆಲ್ಲ ಸ್ನೇಹಿತರಿಗೆ ಮರಿಗಳನ್ನು ಕೊಟ್ಟರು. ಪಡೆದವರು ನೆಂಟರಿಗೆ, ನೆರೆಯವರಿಗೆ ಹಂಚಿದರು. ಅಂಗಡಿಯಿಲ್ಲ, ಜಾಹೀರಾತಿಲ್ಲ, ಕಿಟಕಿಯಿಂದ ಕಿಟಕಿಗೆ ಗಿಡ ಸ್ಕಾಂಡಿನೇವಿಯಾ ತುಂಬ ಹರಡಿತು, ಇಂಗ್ಲೆಂಡನ್ನೂ ಮುಟ್ಟಿತು. ಮನೆಮನೆಯಲ್ಲಿ ಇದ್ದ ಗಿಡ ಯಾವುದೆಂದು ವಿದ್ವಾಂಸರಿಗೆ ತಿಳಿಯದೆ ಹೋಯಿತು. 1970ರ ದಶಕದಲ್ಲಿ ಸ್ಟಾಕ್‌ಹೋಮಿನ ಸಸ್ಯಶಾಸ್ತ್ರಜ್ಞ ಲಾರ್ಸ್ ಕೆರ್ಸ್ ಇದರ ಜಾಡು ಹಿಡಿದು ಹೊರಟರು. ಸ್ವೀಡನ್ನಿನ ದೂರದರ್ಶನದ ಮಕ್ಕಳ ಕಾರ್ಯಕ್ರಮವೊಂದರಲ್ಲಿ ಗಿಡವನ್ನು ತೋರಿಸಿ ವಿವರ ಕೇಳಿದಾಗ ಸುಮಾರು 10,000 ಪತ್ರಗಳು ಬಂದವು. ಆ ಪತ್ರಗಳ ಎಳೆ ಹಿಡಿದು ಹೋದಾಗ ಸಿಕ್ಕಿದ್ದು ಎಸ್ಪೆಗ್ರೆನ್ ತಂದ ಆ ಒಂದು ಗಿಡ. ಒಂದು ಮನೆಯ ಪೆಟ್ಟಿಗೆಯಿಂದ ದೇಶಗಳನ್ನೇ ತುಂಬಿದ ಈ ಗಿಡಕ್ಕೆ ಸಮನಾದ ಉದಾಹರಣೆ ಮನೆಗಿಡಗಳಲ್ಲಿ ಬೇರೊಂದು ಸಿಗುವುದು ಕಷ್ಟ.

ತೇವವೇ ಎಲ್ಲಕ್ಕೂ ಮದ್ದಲ್ಲ. ಲೋಳೆಸರ, ಪಾಪಸುಕಳ್ಳಿ, ಜೇಡ್ ಗಿಡಗಳ ತುಂಡನ್ನು ಕತ್ತರಿಸಿದ ತಕ್ಷಣ ಒದ್ದೆ ಮಣ್ಣಿಗಿಟ್ಟರೆ ಕೊಳೆತೇ ಹೋಗುತ್ತದೆ. ನೆರಳಿನಲ್ಲಿ ಕೆಲವು ದಿನ ಬಿಟ್ಟು, ಗಾಯದ ಬಾಯಿ ಒಣಗಿ ಗಟ್ಟಿಯಾದ ಮೇಲೆ ನೆಡಬೇಕು. ಅವುಗಳ ಒಡಲಲ್ಲೇ ನೀರಿರುವುದರಿಂದ ಬಾಡುವ ಭಯವಿಲ್ಲ. ಹಳದಿ ಅಂಚಿನ ಸ್ನೇಕ್ ಪ್ಲಾಂಟಿನ ಎಲೆಯನ್ನು ತುಂಡು ಮಾಡಿ ನೆಟ್ಟವರಿಗೆ ಬೇರೆಯೇ ಅಚ್ಚರಿ ಕಾದಿರುತ್ತದೆ. ಹೊಸ ಗಿಡ ಬರುತ್ತದೆ, ಹಳದಿ ಅಂಚು ಬರುವುದಿಲ್ಲ. ಆ ಗಿಡದಲ್ಲಿ ಎರಡು ಬಗೆಯ ಜೀವಕೋಶಗಳು ಪದರ ಪದರವಾಗಿ ಕೂಡಿಕೊಂಡಿರುತ್ತವೆ, ಎಲೆಯಿಂದ ಹುಟ್ಟುವ ಮರಿ ಆ ಜೋಡಣೆಯನ್ನು ಉಳಿಸಿಕೊಳ್ಳುವುದಿಲ್ಲ. ಅಂಚು ಬೇಕಿದ್ದರೆ ಗೆಡ್ಡೆಯ ಸಮೇತ ಬುಡವನ್ನು ಬೇರ್ಪಡಿಸಬೇಕು. ಝೀಝೀ ಪ್ಲಾಂಟಿನ ಒಂದು ಎಲೆ ಮೊದಲು ಬುಡದಲ್ಲಿ ಪುಟ್ಟ ಗೆಡ್ಡೆ ಕಟ್ಟಿಕೊಳ್ಳುತ್ತದೆ, ಚಿಗುರಿಗೆ ಹಲವು ತಿಂಗಳು ಕಾಯಬೇಕು. ಅರೆಕಾ ಪಾಮ್ ಜಾತಿಯ ತಾಳೆಗಿಡಗಳ ಕಾಂಡ ಕತ್ತರಿಸಿದರೆ ಆ ಕಾಂಡ ಸತ್ತಂತೆಯೇ, ಅವನ್ನು ಬೀಜದಿಂದ ಬೆಳೆಸಬೇಕು, ಇಲ್ಲವೇ ಬುಡದಲ್ಲಿ ಹಿಸೆ ಮಾಡಬೇಕು.

ಗಟ್ಟಿ ಕಾಂಡದ ರಬ್ಬರ್ ಗಿಡ, ಕ್ರೋಟನ್‌ಗಳಿಗೆ ತೋಟದವರು ಗೂಟಿ ಕಟ್ಟುತ್ತಾರೆ. ಬುದ್ಧಿವಂತಿಕೆಯಲ್ಲಿ ಇದನ್ನು ಮೀರಿಸುವ ವಿಧಾನ ಇಲ್ಲ. ರೆಂಬೆಯನ್ನು ಕತ್ತರಿಸದೆ, ಒಂದು ಬೆರಳಗಲದ ತೊಗಟೆಯನ್ನಷ್ಟೇ ಉಂಗುರದಂತೆ ಸುಲಿದು, ಆ ಜಾಗಕ್ಕೆ ಒದ್ದೆ ಪಾಚಿಯನ್ನೋ ನಾರಿನ ಪುಡಿಯನ್ನೋ ಮೆತ್ತಿ, ಪ್ಲಾಸ್ಟಿಕ್ ಸುತ್ತಿ ಕಟ್ಟುತ್ತಾರೆ. ಎಲೆಯಿಂದ ಸಕ್ಕರೆಯೂ ಕುಡಿಯಿಂದ ಆಕ್ಸಿನ್ನೂ ತೊಗಟೆಯ ಮೂಲಕ ಇಳಿದು ಬಂದು ಸುಲಿದ ಅಂಚಿನಲ್ಲಿ ನಿಲ್ಲುತ್ತವೆ. ಬೇರಿನಿಂದ ಮೇಲೇರುವ ನೀರು ಮಾತ್ರ ಒಳಗಿನ ಮರದ ಭಾಗದಲ್ಲಿ ಎಂದಿನಂತೆ ಹರಿಯುತ್ತಿರುತ್ತದೆ. ರೆಂಬೆಗೆ ಬಾಯಾರಿಕೆಯಿಲ್ಲ, ಅವಸರವಿಲ್ಲ. ಪ್ಲಾಸ್ಟಿಕ್ಕಿನೊಳಗೆ ಬೇರು ತುಂಬಿ ಕಂಡ ಮೇಲೆ ಕೆಳಗೆ ಕತ್ತರಿಸಿ ಕುಂಡಕ್ಕೆ ಇಳಿಸಿದರಾಯಿತು.

ಇವೆಲ್ಲ ಮಲೆನಾಡಿನ ಬೆಳೆಗಾರರಿಗೆ ಹೊಸದಲ್ಲ. ಕಾಳುಮೆಣಸಿನ ಬುಡದಿಂದ ಹರಿದು ಹೋಗುವ ಹಂಬುಗಳನ್ನು ನೆಲಕ್ಕೆ ತಾಗದಂತೆ ಗೂಟಕ್ಕೆ ಸುತ್ತಿಟ್ಟು, ಫೆಬ್ರುವರಿ ಮಾರ್ಚ್ ಹೊತ್ತಿಗೆ ಎರಡು ಮೂರು ಗೆಣ್ಣಿನ ತುಂಡುಗಳಾಗಿ ಕತ್ತರಿಸಿ, ಪಾಲಿಥಿನ್ ತೊಟ್ಟೆಯಲ್ಲಿ ನೆಟ್ಟು ನೆರಳಿನಲ್ಲಿಟ್ಟರೆ ಮಳೆಗಾಲಕ್ಕೆ ಬಳ್ಳಿ ಸಿದ್ಧ. ಉಡುಪಿಯ ಶಂಕರಪುರದ ಮಲ್ಲಿಗೆ ತೋಟಗಳು ಬೆಳೆದದ್ದೂ ಕಡ್ಡಿಯಿಂದಲೇ. ಮನೆಗಿಡಗಳಿಗೂ ಜೂನ್ ತಿಂಗಳ ಬೆಚ್ಚನೆಯ ತೇವವೇ ಒಳ್ಳೆಯ ಕಾಲ. ಡಿಸೆಂಬರಿನ ಚಳಿಯಲ್ಲಿ ಅದೇ ಕಡ್ಡಿ ಹೆಚ್ಚು ದಿನ ತೆಗೆದುಕೊಳ್ಳುತ್ತದೆ.

ಕೊನೆಗೆ ಒಂದು ವಿನಂತಿ ಇದೆ. ಇಷ್ಟು ಸುಲಭವಾಗಿ ಬೇರು ಬಿಡುವ ಗಿಡ ಬೇಡದ ಕಡೆಯೂ ಬೇರು ಬಿಡುತ್ತದೆ. ತೋಟದಾಚೆ ಎಸೆದ ಮನಿ ಪ್ಲಾಂಟ್ ಶ್ರೀಲಂಕಾದಲ್ಲಿ, ಹವಾಯಿಯಲ್ಲಿ ಕಾಡಿಗೆ ನುಗ್ಗಿ ಮರಗಳನ್ನು ಮುಚ್ಚಿದೆ. ಅಲಂಕಾರಕ್ಕೆಂದು ಬಂದ ಅಂತರಗಂಗೆ ನಮ್ಮ ಕೆರೆಗಳನ್ನು ಏನು ಮಾಡಿದೆ ಎಂಬುದು ಎಲ್ಲರ ಕಣ್ಣೆದುರಿಗಿದೆ. ಹಂಚಿ ಉಳಿದ ತುಂಡುಗಳನ್ನು ಹಳ್ಳಕ್ಕೆ, ಕೆರೆಯಂಚಿಗೆ, ಕಾಡಿನ ಬದಿಗೆ ಎಸೆಯಬೇಡಿ. ಬಾಯಿ ಗಂಟಲು ಉರಿಸುವ ಹರಳುಗಳು ಮನಿ ಪ್ಲಾಂಟಿನಲ್ಲಿರುವುದರಿಂದ ದನಕರುಗಳಿಗೂ ಹಾಕಬೇಡಿ, ಮಕ್ಕಳ ಕೈಗೂ ಕೊಡಬೇಡಿ. ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ಆಮೇಲೆ ಗೊಬ್ಬರದ ಗುಂಡಿಗೆ ಹಾಕಿ.